ವ್ಯಾಯಾಮ ವಿಜ್ಞಾನದ ಪದವಿ: ಕಾಲೇಜಿನ ಆಯ್ಕೆಯಿಂದ ಅಂತಿಮ ವರ್ಷದವರೆಗೆ

ಪಿಯುಸಿ ಮುಗಿಸಿದ, ಆಟೋಟದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಪದವಿಗೆ ಅರ್ಜಿ ಹಾಕುವಾಗ ದೈಹಿಕ ಶಿಕ್ಷಣ, ಫಿಸಿಯೊಥೆರಪಿ ಮತ್ತು ವ್ಯಾಯಾಮ ವಿಜ್ಞಾನ ಎಂಬ ಮೂರು ಕೋರ್ಸುಗಳನ್ನು ಹೆಚ್ಚುಕಡಿಮೆ ಒಂದೇ ಎಂದು ಭಾವಿಸುವುದುಂಟು. ಮೂರರ ವಿಷಯವೂ ಚಲಿಸುವ ದೇಹವೇ ಆದರೂ ಅವು ಕೊಡುವ ಅರ್ಹತೆಗಳು ಬೇರೆ ಬೇರೆ. ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಬೇಕೆಂದಿದ್ದರೆ ಬಿ.ಪಿ.ಎಡ್. ಮೊದಲಾದ ದೈಹಿಕ ಶಿಕ್ಷಣದ ಅರ್ಹತೆ ಬೇಕು. ಗಾಯಗೊಂಡವರಿಗೆ ಚಿಕಿತ್ಸೆ ನೀಡಬೇಕೆಂದಿದ್ದರೆ ಫಿಸಿಯೊಥೆರಪಿಯ ಪದವಿಯಾದ ಬಿ.ಪಿ.ಟಿ. ಓದಬೇಕು. ವ್ಯಾಯಾಮ ವಿಜ್ಞಾನದ ಬಿ.ಎಸ್ಸಿ. ಇವೆರಡರಲ್ಲಿ ಯಾವುದಕ್ಕೂ ಬದಲಿಯಲ್ಲ. ಸೇರಿದ ಮೇಲೆ ಇದು ತಿಳಿದು ನೊಂದುಕೊಳ್ಳುವುದಕ್ಕಿಂತ, ಅರ್ಜಿ ತುಂಬುವ ಮೊದಲೇ ಮನೆಯವರೊಂದಿಗೆ ಕುಳಿತು ಇದನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ.

ಹಾಗಾದರೆ ಈ ಪದವಿ ಕಲಿಸುವುದೇನನ್ನು? ಒಮ್ಮೆ ಓಡಿದಾಗ, ಜಿಗಿದಾಗ, ಭಾರ ಎತ್ತಿದಾಗ ದೇಹದೊಳಗೆ ಏನಾಗುತ್ತದೆ, ಅದನ್ನೇ ತಿಂಗಳುಗಟ್ಟಲೆ ಮಾಡಿದಾಗ ದೇಹ ಹೇಗೆ ಬದಲಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಬಯೋಮೆಕ್ಯಾನಿಕ್ಸ್ (ಚಲಿಸುವ ದೇಹದ ಮೇಲಿನ ಬಲಗಳ ಅಧ್ಯಯನ), ಪೋಷಣೆ, ಕ್ರೀಡಾ ಮನೋವಿಜ್ಞಾನ, ತರಬೇತಿಯ ತತ್ತ್ವಗಳು, ಸಂಖ್ಯಾಶಾಸ್ತ್ರ ಇವೆಲ್ಲ ಈ ಎರಡು ಪ್ರಶ್ನೆಗಳಿಗಾಗಿಯೇ ಪಠ್ಯಕ್ರಮದಲ್ಲಿವೆ. ನನ್ನ ದೃಷ್ಟಿಯಲ್ಲಿ ಇದು ಮೊದಲಿನಿಂದ ಕೊನೆಯವರೆಗೂ ಅಳತೆಯ ವಿದ್ಯೆ. ಸರಿಯಾಗಿ ಅಳೆಯುವುದನ್ನು, ಅಳೆದದ್ದರಲ್ಲಿ ಎಷ್ಟನ್ನು ನಂಬಬಹುದು ಎಂದು ಹೇಳುವುದನ್ನು ಕಲಿತ ವಿದ್ಯಾರ್ಥಿ ಎಲ್ಲಿ ಹೋದರೂ ಕೆಲಸಕ್ಕೆ ಬರುತ್ತಾನೆ. ಅದನ್ನು ಬಿಟ್ಟು ಟಿಪ್ಪಣಿ ಬಾಯಿಪಾಠ ಮಾಡಿ ಪಾಸಾದವನ ಕೈಯಲ್ಲಿ ಪದವಿ ಪ್ರಮಾಣಪತ್ರದ ಹೊರತು ಹೆಚ್ಚೇನೂ ಉಳಿಯುವುದಿಲ್ಲ.

ಕಾಲೇಜನ್ನು ಆರಿಸುವ ಮುನ್ನ

ನಮ್ಮ ರಾಜ್ಯದಲ್ಲಿ ಮಣಿಪಾಲದ ಕಾಲೇಜ್ ಆಫ್ ಹೆಲ್ತ್ ಪ್ರೊಫೆಶನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಚೆನ್ನೈನ ಶ್ರೀರಾಮಚಂದ್ರ ಸಂಸ್ಥೆಯಲ್ಲಿಯೂ ಕ್ರೀಡೆ ಮತ್ತು ವ್ಯಾಯಾಮ ವಿಜ್ಞಾನದ ಪದವಿ ಇದೆ. ಮಣಿಪುರದ ಇಂಫಾಲದಲ್ಲಿ 2018ರ ಕಾಯ್ದೆಯ ಮೂಲಕ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯ ಕೋಚಿಂಗ್ ಕಡೆಗೆ ವಾಲಿದ ಪದವಿಗಳನ್ನು ನೀಡುತ್ತದೆ. 1957ರಲ್ಲಿ ಆರಂಭವಾದ ಗ್ವಾಲಿಯರ್‌ನ ಲಕ್ಷ್ಮೀಬಾಯಿ ಸಂಸ್ಥೆಯ ಮೂಲ ಬಲ ದೈಹಿಕ ಶಿಕ್ಷಣ. ಹೆಸರುಗಳಲ್ಲಿ ಹೋಲಿಕೆ ಇರುವುದರಿಂದ ಪದವಿಯ ಹೆಸರನ್ನಷ್ಟೇ ನೋಡದೆ, ಸೆಮಿಸ್ಟರ್‌ವಾರು ಪಠ್ಯಕ್ರಮವನ್ನು ತರಿಸಿಕೊಂಡು ಪ್ರಯೋಗದ ಗಂಟೆಗಳು ಎಷ್ಟಿವೆ ಎಂಬುದನ್ನು ಎಣಿಸಿ ನೋಡಬೇಕು. ಹೆಚ್ಚಿನ ಕಡೆ ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಜೀವಶಾಸ್ತ್ರವನ್ನು ಓದಿರಬೇಕೆಂಬ ನಿಯಮವಿರುತ್ತದೆ. ಕಲಾ ಅಥವಾ ವಾಣಿಜ್ಯ ವಿಭಾಗದಿಂದ ಬರುವವರು ಇದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಕಾಲೇಜಿಗೆ ಭೇಟಿ ಕೊಟ್ಟಾಗ ಕಟ್ಟಡಕ್ಕಿಂತ ಪ್ರಯೋಗಾಲಯವನ್ನು ನೋಡಬೇಕು. ಉಸಿರಿನ ಅನಿಲಗಳನ್ನು ವಿಶ್ಲೇಷಿಸುವ ಯಂತ್ರ ಇದೆಯೇ ಎಂದು ಕೇಳಿದರೆ ಇದೆ ಎಂದೇ ಉತ್ತರ ಬರುತ್ತದೆ. ಆದ್ದರಿಂದ ಅದನ್ನು ಪದವಿ ವಿದ್ಯಾರ್ಥಿಗಳು ತಮ್ಮ ಕೈಯಾರೆ ಬಳಸುತ್ತಾರೆಯೇ, ಅದರ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಿ ಹೊಂದಿಸುವ ಕ್ಯಾಲಿಬ್ರೇಷನ್ ಕೊನೆಯ ಬಾರಿ ಮಾಡಿದ್ದು ಯಾವಾಗ ಎಂದು ಕೇಳಬೇಕು. ಇಬ್ಬರು ಹಿರಿಯ ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಮಾತನಾಡಿಸಿ, ಹಿಂದಿನ ವಾರ ಪ್ರಯೋಗಾಲಯದಲ್ಲಿ ಏನು ಮಾಡಿದಿರಿ ಎಂದು ವಿಚಾರಿಸಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಬೆಲೆಬಾಳುವ ಯಂತ್ರಗಳು ಗಾಜಿನ ಬಾಗಿಲಿನ ಹಿಂದೆ ಮುಚ್ಚಿಟ್ಟಿರುವ ಕಾಲೇಜಿಗಿಂತ, ಸ್ಟಾಪ್‌ವಾಚು, ಅಳತೆಪಟ್ಟಿ, ರಕ್ತದೊತ್ತಡದ ಉಪಕರಣ ಮತ್ತು ಹಳೆಯ ಸೈಕಲ್ ಎರ್ಗೋಮೀಟರ್ (ತುಳಿಯುವ ಕೆಲಸವನ್ನು ಅಳೆಯುವ, ನಿಂತಲ್ಲೇ ಇರುವ ಸೈಕಲ್) ದಿನವೂ ಬಳಕೆಯಾಗುವ ಕಾಲೇಜು ಮೇಲು.

ಮೊದಲ ವರ್ಷ: ಶರೀರಕ್ರಿಯೆಯನ್ನು ಲೆಕ್ಕದೊಂದಿಗೆ ಓದುವುದು

ಮೊದಲ ವರ್ಷದಲ್ಲಿ ಅಂಗರಚನೆ ಎಲ್ಲರನ್ನೂ ಹೆದರಿಸುತ್ತದೆ. ಸ್ನಾಯುಗಳ ಹೆಸರುಗಳನ್ನು ಪಟ್ಟಿ ಮಾಡಿ ಉರು ಹೊಡೆಯುವ ಬದಲು ಪ್ರತಿಯೊಂದು ಸ್ನಾಯುವೂ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂಬುದನ್ನು ನಿಮ್ಮ ಮೈಮೇಲೆಯೇ ಬೆರಳಿಟ್ಟು ಗುರುತಿಸಿ, ಆ ಚಲನೆಯನ್ನು ಮಾಡಿ ನೋಡಿ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಸೊಂಟದ ಕೀಲನ್ನೂ ಮೊಣಕಾಲನ್ನೂ ದಾಟುತ್ತವೆ ಎಂಬುದು ಕೈಗೆ ತಿಳಿದರೆ, ವೇಗವಾಗಿ ಓಡುವಾಗ ಕಾಲು ಮುಂದಕ್ಕೆ ಚಾಚಿದ ಕ್ಷಣದಲ್ಲಿ ಅವು ಏಕೆ ಅಷ್ಟು ಎಳೆತಕ್ಕೆ ಒಳಗಾಗುತ್ತವೆ ಎಂಬುದನ್ನು ಮತ್ತೆ ಬೇರೆಯಾಗಿ ಓದಬೇಕಾಗುವುದಿಲ್ಲ.

ಶರೀರಕ್ರಿಯಾಶಾಸ್ತ್ರಕ್ಕೆ ಇನ್ನೊಂದು ಅಭ್ಯಾಸ ಬೇಕು: ಪ್ರತಿ ಪಾಠವನ್ನೂ ಅಂಕಿಗಳಿಗೆ ಇಳಿಸುವುದು. 1870ರಲ್ಲಿ ಅಡಾಲ್ಫ್ ಫಿಕ್ ಮುಂದಿಟ್ಟ ತತ್ತ್ವದಿಂದ ತಿಳಿಯುವಂತೆ, ದೇಹ ಬಳಸುವ ಆಮ್ಲಜನಕವೆಂದರೆ ಹೃದಯ ನಿಮಿಷಕ್ಕೆ ಪಂಪ್ ಮಾಡುವ ರಕ್ತದ ಪ್ರಮಾಣವನ್ನು, ಅಪಧಮನಿಯ ರಕ್ತಕ್ಕೂ ಮರಳಿ ಬರುವ ರಕ್ತಕ್ಕೂ ನಡುವಿನ ಆಮ್ಲಜನಕದ ವ್ಯತ್ಯಾಸದಿಂದ ಗುಣಿಸಿದಾಗ ಬರುವ ಮೊತ್ತ. ವಿಶ್ರಾಂತಿಯಲ್ಲಿ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹರಿಸುತ್ತದೆ, ಪ್ರತಿ ಲೀಟರಿನಿಂದ ಅಂಗಾಂಶಗಳು ಸುಮಾರು 50 ಮಿಲಿಲೀಟರ್ ಆಮ್ಲಜನಕ ತೆಗೆದುಕೊಳ್ಳುತ್ತವೆ ಎಂದಿಟ್ಟುಕೊಂಡರೆ ಒಟ್ಟು 250 ಮಿಲಿಲೀಟರ್. 70 ಕಿಲೋ ತೂಕದವರಿಗೆ ಕಿಲೋಗೆ ಸುಮಾರು 3.5 ಮಿಲಿಲೀಟರ್. ಟ್ರೆಡ್‌ಮಿಲ್‌ಗಳ ಪರದೆಯ ಮೇಲೆ ಕಾಣುವ 1 ಮೆಟ್ ಎಂಬ ಏಕಮಾನ ಇದೇ. ಕಠಿಣ ಓಟದಲ್ಲಿ ಅದೇ ವ್ಯಕ್ತಿಯ ಹೃದಯ 20 ಲೀಟರ್ ಹರಿಸಿ, ಪ್ರತಿ ಲೀಟರಿನಿಂದ 150 ಮಿಲಿಲೀಟರ್ ತೆಗೆದುಕೊಂಡರೆ ನಿಮಿಷಕ್ಕೆ 3 ಲೀಟರ್, ಅಂದರೆ ವಿಶ್ರಾಂತಿಯ 12 ಪಟ್ಟು. ಈ ಒಂದು ಗುಣಾಕಾರವನ್ನು ಅರ್ಥಮಾಡಿಕೊಂಡವರಿಗೆ ತರಬೇತಿ ಪಡೆದ ಓಟಗಾರ್ತಿಯ ಹೃದಯ ಏಕೆ ದೊಡ್ಡದಾಗುತ್ತದೆ, ರಕ್ತಹೀನತೆ ಇರುವವರು ಏಕೆ ಬೇಗ ಸುಸ್ತಾಗುತ್ತಾರೆ, ಎತ್ತರದ ಪ್ರದೇಶದಲ್ಲಿ ಓಟ ಏಕೆ ಕಷ್ಟ ಎಂಬ ಮೂರು ಅಧ್ಯಾಯಗಳು ಒಂದೇ ಸೂತ್ರದಿಂದ ಬಿಡಿಸಿಕೊಳ್ಳುತ್ತವೆ.

ಈ ಶಾಸ್ತ್ರದ ಇತಿಹಾಸವನ್ನೂ ಸ್ವಲ್ಪ ಓದಿಕೊಳ್ಳಬೇಕು, ಏಕೆಂದರೆ ಹಳೆಯ ಪ್ರಯೋಗಗಳು ಸರಳವಾಗಿದ್ದವು ಮತ್ತು ಅವುಗಳ ತರ್ಕ ಬರಿಗಣ್ಣಿಗೆ ಕಾಣುವಂತಿತ್ತು. ಸ್ನಾಯುವಿನ ಶಾಖದ ಅಧ್ಯಯನಕ್ಕಾಗಿ 1922ರ ನೊಬೆಲ್ ಪಡೆದ ಎ. ವಿ. ಹಿಲ್ ಅವರು ಮಾರನೆಯ ವರ್ಷ ಲಪ್ಟನ್ ಅವರೊಂದಿಗೆ ಪ್ರಕಟಿಸಿದ ಪ್ರಯೋಗಗಳಲ್ಲಿ, ಹುಲ್ಲುಹಾಸಿನ ಮೇಲೆ ಓಡುತ್ತಲೇ ಬೆನ್ನಿಗೆ ಕಟ್ಟಿಕೊಂಡ ಚೀಲದಲ್ಲಿ ಉಸಿರನ್ನು ಸಂಗ್ರಹಿಸಿ ಆಮ್ಲಜನಕದ ಬಳಕೆಯನ್ನು ಅಳೆದಿದ್ದರು. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಇಡೀ ದಿನ ಕುಳಿತು ದುಡಿಯುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ತೋರಿಸಿದರು. ದೈಹಿಕ ಚಟುವಟಿಕೆ ಮತ್ತು ಹೃದಯದ ಆರೋಗ್ಯದ ಬಗ್ಗೆ ಇಂದು ನಾವು ಓದುವ ಬಹಳಷ್ಟು ಸಂಶೋಧನೆ ಆ ಅಧ್ಯಯನದ ಮುಂದುವರಿಕೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಎರಡು ಸೆಮಿಸ್ಟರ್ ಭಾಷೆಯ ಕಾರಣಕ್ಕೆ ಭಾರವಾಗುವುದು ಸಹಜ. ಪಠ್ಯ ಇಂಗ್ಲಿಷಿನಲ್ಲಿದ್ದರೂ ಯೋಚನೆ ಕನ್ನಡದಲ್ಲಿ ನಡೆಯುವುದಕ್ಕೆ ಅಡ್ಡಿಯಿಲ್ಲ. ದಿನದ ಪಾಠವನ್ನು ಅದೇ ಸಂಜೆ ಪುಸ್ತಕ ಮುಚ್ಚಿ, ಚಿತ್ರ ಬರೆಯುತ್ತ, ಗೆಳೆಯರೊಬ್ಬರಿಗೆ ಕನ್ನಡದಲ್ಲಿ ವಿವರಿಸಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಭಾಷೆಯ ತೊಡಕಿಗಿಂತ ವಿಷಯದ ತೊಡಕೇ ಇರುತ್ತದೆ. ಮುಂದೆ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಹದಿನೈದು ವರ್ಷದ ಕ್ರೀಡಾಪಟುವಿಗೆ ಪರೀಕ್ಷೆಯ ಫಲಿತಾಂಶವನ್ನು ತಿಳಿಸಬೇಕಾಗಿ ಬಂದಾಗ ಈ ಅಭ್ಯಾಸವೇ ಕೈಹಿಡಿಯುತ್ತದೆ.

ಅಳೆಯುವ ಕೈ

ಪ್ರಯೋಗಾಲಯದ ತರಗತಿಗಳಲ್ಲಿ ಯಂತ್ರದ ಬಳಿ ನಿಲ್ಲುವವರು ಇಬ್ಬರು, ಹಿಂದೆ ನಿಂತು ಅಂಕಿ ಬರೆದುಕೊಳ್ಳುವವರು ಇಪ್ಪತ್ತು ಜನ ಎಂಬ ಸ್ಥಿತಿ ಸಾಮಾನ್ಯ. ಆ ಇಬ್ಬರಲ್ಲಿ ಒಬ್ಬರಾಗುವುದಕ್ಕೆ ನೀವೇ ಮುಂದಾಗಬೇಕು.

ಚರ್ಮದ ಮಡಿಕೆಯ ದಪ್ಪವನ್ನು ಕ್ಯಾಲಿಪರಿನಿಂದ ಅಳೆಯುವ ಕೆಲಸವನ್ನೇ ತೆಗೆದುಕೊಳ್ಳಿ. ನೋಡಲು ಅತಿ ಸುಲಭ. ತೋಳಿನ ಹಿಂಭಾಗದ ಅಳತೆಗೆ ಭುಜದ ಮೂಳೆಯ ಹೊರ ಅಂಚನ್ನೂ ಮೊಣಕೈ ಬಳಿಯ ರೇಡಿಯಸ್ ಎಂಬ ಮುಂಗೈ ಮೂಳೆಯ ತುದಿಯನ್ನೂ ಬೆರಳಿನಿಂದ ಹುಡುಕಿ, ಅವುಗಳ ನಡುವಿನ ಮಧ್ಯಬಿಂದುವನ್ನು ಟೇಪಿನಿಂದ ಅಳೆದು ಪೆನ್ನಿನಿಂದ ಗುರುತು ಹಾಕಬೇಕು. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಮಾತ್ರ ಎತ್ತಿ ಹಿಡಿದು, ಸ್ನಾಯು ಸೇರಿಕೊಂಡಿಲ್ಲವೆಂದು ಖಚಿತಪಡಿಸಿಕೊಂಡು, ಬೆರಳುಗಳಿಂದ 1 ಸೆಂಟಿಮೀಟರ್ ದೂರದಲ್ಲಿ ಕ್ಯಾಲಿಪರನ್ನು ಮಡಿಕೆಗೆ ಲಂಬವಾಗಿಟ್ಟು, ಅದರ ಹಿಡಿಯನ್ನು ಪೂರ್ತಿ ಬಿಟ್ಟ 2 ಸೆಕೆಂಡಿನ ನಂತರ ಓದಬೇಕು. ಹೆಚ್ಚು ಹೊತ್ತು ಕಾದರೆ ಕೊಬ್ಬು ಒತ್ತಿಕೊಂಡು ಅಂಕಿ ಇಳಿಯುತ್ತ ಹೋಗುತ್ತದೆ. ಉಳಿದ ಎಲ್ಲ ಜಾಗಗಳನ್ನು ಅಳೆದ ಮೇಲೆ ಮತ್ತೆ ಇದೇ ಜಾಗಕ್ಕೆ ಬಂದು ಎರಡನೆಯ ಬಾರಿ ಅಳೆಯಬೇಕು. ಎರಡರ ನಡುವೆ ಶೇ. 5ಕ್ಕಿಂತ ಹೆಚ್ಚು ಅಂತರವಿದ್ದರೆ ಮೂರನೆಯ ಬಾರಿ. ಮಾನವದೇಹದ ಅಳತೆಗಳಿಗೆ ಅಂತರರಾಷ್ಟ್ರೀಯ ಮಾನದಂಡ ರೂಪಿಸಿರುವ ಐಸ್ಯಾಕ್ ಸಂಸ್ಥೆ ಇದೇ ಕ್ರಮವನ್ನು ಕಲಿಸುತ್ತದೆ, ಅದರ ಮೊದಲ ಹಂತದ ಪ್ರಮಾಣಪತ್ರವನ್ನು ಪದವಿ ಓದುವಾಗಲೇ ಪಡೆಯಬಹುದು. ಅಳೆಸಿಕೊಳ್ಳುವವರ ಸಂಕೋಚವನ್ನು ಗೌರವಿಸುವುದೂ ಈ ಕೌಶಲದ ಭಾಗವೇ. ಅನುಮತಿ ಕೇಳಿ, ಮರೆಯಿರುವ ಕೋಣೆಯಲ್ಲಿ, ಹೆಣ್ಣುಮಕ್ಕಳಿಗೆ ಮಹಿಳೆಯರಿಂದಲೇ ಅಳೆಸುವ ಅಥವಾ ಜೊತೆಗೆ ಒಬ್ಬ ಮಹಿಳೆ ಇರುವ ಏರ್ಪಾಡು ಮಾಡಿ, ಬಂದ ಅಂಕಿಯನ್ನು ಇತರರ ಮುಂದೆ ಕೂಗಿ ಹೇಳದೆ ನಡೆಸಬೇಕಾದ ಕೆಲಸವಿದು.

ಕಠಿಣ ವ್ಯಾಯಾಮದಲ್ಲಿ ಸ್ನಾಯುಗಳಲ್ಲಿ ಹೆಚ್ಚಾಗಿ ಉತ್ಪತ್ತಿಯಾಗುವ ಲ್ಯಾಕ್ಟೇಟ್ ಎಂಬ ವಸ್ತುವನ್ನು ಬೆರಳ ತುದಿಯ ರಕ್ತದಿಂದ ಅಳೆಯುವಾಗಲೂ ಇಂಥದೇ ಸೂಕ್ಷ್ಮವಿದೆ. ಬೆವರಿನಲ್ಲಿಯೂ ಲ್ಯಾಕ್ಟೇಟ್ ಇರುವುದರಿಂದ ಬೆರಳನ್ನು ಚೆನ್ನಾಗಿ ಒರೆಸಿ, ಮೊದಲ ಹನಿಯನ್ನು ತೆಗೆದುಹಾಕಿ, ಹಿಂಡದೆ ಬಂದ ಮುಂದಿನ ಹನಿಯನ್ನು ಬಳಸಬೇಕು. ಲ್ಯಾಕ್ಟೇಟ್‌ನ ಬಗ್ಗೆ ಮೈದಾನದಲ್ಲಿ ಇಂದಿಗೂ ಉಳಿದುಕೊಂಡಿರುವ ಒಂದು ನಂಬಿಕೆಯನ್ನು ನೀವು ಬೇಗ ಬಿಡಬೇಕಾಗುತ್ತದೆ: ಮರುದಿನದ ಮೈಕೈ ನೋವಿಗೆ ಅದು ಕಾರಣವಲ್ಲ. ಕಠಿಣ ವ್ಯಾಯಾಮದ ನಂತರ ಒಂದು ಗಂಟೆಯ ಸುಮಾರಿಗೆ ಅದು ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಮರಳಿರುತ್ತದೆ. ನೋವು ಬರುವುದು ಮುಖ್ಯವಾಗಿ ಇಳಿಜಾರಿನ ಓಟದಂತೆ ಸ್ನಾಯು ಉದ್ದವಾಗುತ್ತಲೇ ಬಲ ಹಾಕಬೇಕಾದ ಕೆಲಸಗಳಿಂದ ಅದರ ಎಳೆಗಳಿಗಾಗುವ ಸಣ್ಣ ಹಾನಿಯಿಂದ.

ಯಂತ್ರಗಳಿಲ್ಲದೆಯೂ ಅಳತೆಯ ದೋಷವನ್ನು ಕಲಿಯಬಹುದು ಎಂಬುದಕ್ಕೆ ಒಂದು ಪ್ರಯೋಗವನ್ನು ಹೇಳುತ್ತೇನೆ. ಮೊಬೈಲ್ ಫೋನೊಂದಿದ್ದರೆ ಸಾಕು. ಸೊಂಟದ ಮೇಲೆ ಕೈಯಿಟ್ಟು ನೇರವಾಗಿ ಮೇಲಕ್ಕೆ ಜಿಗಿಯುವ ಗೆಳೆಯನ ಪಾದಗಳನ್ನು ಸೆಕೆಂಡಿಗೆ 240 ಚೌಕಟ್ಟುಗಳ ನಿಧಾನ ಚಲನೆಯಲ್ಲಿ ಚಿತ್ರಿಸಿ, ಪಾದ ನೆಲ ಬಿಟ್ಟ ಕ್ಷಣದಿಂದ ಮತ್ತೆ ಮುಟ್ಟುವವರೆಗಿನ ಚೌಕಟ್ಟುಗಳನ್ನು ಎಣಿಸಿ. 120 ಚೌಕಟ್ಟುಗಳೆಂದರೆ 0.5 ಸೆಕೆಂಡು. ಗಾಳಿಯಲ್ಲಿದ್ದ ಕಾಲವನ್ನು ವರ್ಗ ಮಾಡಿ, 9.81ರಿಂದ ಗುಣಿಸಿ, 8ರಿಂದ ಭಾಗಿಸಿದರೆ ಜಿಗಿತದ ಎತ್ತರ ಮೀಟರಿನಲ್ಲಿ ಬರುತ್ತದೆ: ಇಲ್ಲಿ ಸುಮಾರು 30.7 ಸೆಂಟಿಮೀಟರ್. ಈಗ ಎಣಿಕೆಯಲ್ಲಿ ಒಂದೇ ಒಂದು ಚೌಕಟ್ಟು ಹೆಚ್ಚಾಯಿತೆಂದುಕೊಳ್ಳಿ, ಎತ್ತರ 31.2 ಸೆಂಟಿಮೀಟರ್ ಆಗುತ್ತದೆ. ಅಂದರೆ ಒಂದು ಚೌಕಟ್ಟಿನ ತಪ್ಪಿಗೆ ಅರ್ಧ ಸೆಂಟಿಮೀಟರ್. ಆರು ವಾರಗಳ ತರಬೇತಿಯಿಂದ ಆಟಗಾರನ ಜಿಗಿತ ಅರ್ಧ ಸೆಂಟಿಮೀಟರ್ ಹೆಚ್ಚಿತು ಎಂದು ಈ ವಿಧಾನದಿಂದ ಹೇಳಲಾಗದು; ಐದು ಸೆಂಟಿಮೀಟರ್ ಹೆಚ್ಚಿತು ಎಂದಾದರೆ ಹೇಳಬಹುದು. ಮುಂದೆ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ವಿಚಲನೆ, ಅಳತೆಯ ದೋಷ, ವಿಶ್ವಾಸದ ವ್ಯಾಪ್ತಿ ಎಂಬ ಮಾತುಗಳು ಬಂದಾಗ ಈ ಜಿಗಿತ ನೆನಪಿಗೆ ಬಂದರೆ ಪಾಠ ಅರ್ಧ ಮುಗಿದಂತೆ.

ಸೂತ್ರಗಳನ್ನು ಪ್ರಶ್ನಿಸುವುದು

ಪಠ್ಯಪುಸ್ತಕದಲ್ಲಿ ಅಚ್ಚಾದ ಸೂತ್ರಗಳನ್ನು ಪ್ರಶ್ನಿಸದೆ ಬಳಸುವುದು ಈ ಪದವಿಯ ವಿದ್ಯಾರ್ಥಿಗಳಲ್ಲಿ ನಾನು ಕಾಣುವ ದೊಡ್ಡ ದೌರ್ಬಲ್ಯ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಹೃದಯಬಡಿತ ಬರುತ್ತದೆ ಎಂಬುದನ್ನು ಎಲ್ಲ ಜಿಮ್‌ಗಳ ಗೋಡೆಯಲ್ಲೂ ಕಾಣಬಹುದು. ಆದರೆ ಒಂದೇ ವಯಸ್ಸಿನವರಲ್ಲಿಯೂ ನಿಜವಾದ ಗರಿಷ್ಠ ಬಡಿತ ಆ ಅಂಕಿಯಿಂದ 10, 12 ಬಡಿತಗಳಷ್ಟು ಆಚೀಚೆ ಇರುವುದು ಸಾಮಾನ್ಯ. ಇನ್ನೂ ದೂರ ಇರುವವರೂ ಇದ್ದಾರೆ. ಚರ್ಮದ ಮಡಿಕೆಗಳಿಂದ ದೇಹದ ಕೊಬ್ಬಿನ ಪ್ರಮಾಣವನ್ನು ಅಂದಾಜಿಸುವ, ಬಹಳ ಬಳಕೆಯಲ್ಲಿರುವ ಡರ್ನಿನ್ ಮತ್ತು ವೊಮರ್ಸ್ಲಿ ಅವರ 1974ರ ಸಮೀಕರಣಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದ ಜನರನ್ನು ಅಳೆದು ರೂಪಿಸಿದವು. ನಮ್ಮಲ್ಲಿ ತೂಕ ಅಷ್ಟೇ ಇದ್ದರೂ ಕೊಬ್ಬಿನ ಪಾಲು ಹೆಚ್ಚಿರುವುದು, ಅದರಲ್ಲೂ ಹೊಟ್ಟೆಯ ಸುತ್ತ ಶೇಖರವಾಗುವುದು ಸಾಮಾನ್ಯವಾದ್ದರಿಂದ ಅವನ್ನು ರಾಯಚೂರಿನ ವಿದ್ಯಾರ್ಥಿಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಇದೇ ಕಾರಣಕ್ಕೆ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದ ಜನರಿಗೆ ಬಿಎಂಐಯ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಎಚ್ಚರಿಕೆಯ ಮಟ್ಟವನ್ನು 25ರ ಬದಲು 23ರಿಂದಲೇ ಗಮನಿಸುವಂತೆ ಸೂಚಿಸಿದರು. ಯಾವುದೇ ಸೂತ್ರವನ್ನು ನೋಟ್‌ಬುಕ್ಕಿಗೆ ಇಳಿಸುವಾಗ ಅದರ ಪಕ್ಕದಲ್ಲಿ ಯಾರನ್ನು ಅಳೆದು ಮಾಡಿದ್ದು, ಎಷ್ಟು ತಪ್ಪಬಹುದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಸೂತ್ರವೊಂದಿದ್ದರೆ ಸಾಕು ಎಂದುಕೊಂಡವರ ಕೈಯಲ್ಲಿ ನಮ್ಮ ಜನರ ಬಗ್ಗೆ ತಪ್ಪು ತೀರ್ಮಾನಗಳು ಹುಟ್ಟಿಕೊಳ್ಳುವುದು ಹೀಗೆಯೇ.

ಮೈದಾನದ ಕೆಲಸ

ಎರಡನೆಯ ವರ್ಷದಿಂದ ವಾರಕ್ಕೆರಡು ಸಂಜೆಯಾದರೂ ಒಂದು ತಂಡದೊಂದಿಗೆ ಕಳೆಯಿರಿ. ಬೆಂಗಳೂರಿನಲ್ಲಿದ್ದರೆ ಜ್ಞಾನಭಾರತಿಯ ಕ್ರೀಡಾ ಪ್ರಾಧಿಕಾರದ ಕೇಂದ್ರ, ಪಡುಕೋಣೆ-ದ್ರಾವಿಡ್ ಕೇಂದ್ರದಂಥ ಜಾಗಗಳಿವೆ; ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಅಲ್ಲಿ ಅವಕಾಶ ಸಿಗದಿದ್ದರೆ ನಿಮ್ಮೂರಿನ ಕಬಡ್ಡಿ ತಂಡವೇ ಸಾಕು, ಏಕೆಂದರೆ ಈ ಶಾಸ್ತ್ರವನ್ನು ಕಲಿಯಲು ಕಬಡ್ಡಿಗಿಂತ ಉತ್ತಮ ಆಟ ಕಡಿಮೆ. ಒಂದು ರೈಡಿಗೆ ಇರುವ ಕಾಲಾವಕಾಶ 30 ಸೆಕೆಂಡು. ಪ್ರಯೋಗಾಲಯದಲ್ಲಿ ಆಮ್ಲಜನಕದ ನೆರವಿಲ್ಲದ ಶಕ್ತಿಯನ್ನು ಅಳೆಯಲು ಸೈಕಲ್ ಮೇಲೆ ನಡೆಸುವ ವಿಂಗೇಟ್ ಪರೀಕ್ಷೆಯ ಅವಧಿಯೂ 30 ಸೆಕೆಂಡು; 1970ರ ದಶಕದಲ್ಲಿ ಇಸ್ರೇಲಿನ ವಿಂಗೇಟ್ ಸಂಸ್ಥೆಯಲ್ಲಿ ರೂಪುಗೊಂಡ ಆ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ದೇಹತೂಕದ ಶೇ. 7.5ರಷ್ಟು ಭಾರ ಹಾಕಿ, 60 ಕಿಲೋ ತೂಕದವರಿಗಾದರೆ 4.5 ಕಿಲೋ, ಪೂರ್ಣ ವೇಗದಲ್ಲಿ ತುಳಿಸುತ್ತಾರೆ. ಶಕ್ತಿಯ ಮೂಲವಾಗಿ ಮೊದಲ ಕೆಲವು ಸೆಕೆಂಡು ಸ್ನಾಯುವಿನಲ್ಲಿರುವ ಫಾಸ್ಫೊಕ್ರಿಯೇಟಿನ್ ಎಂಬ ವಸ್ತು, ನಂತರ ಶೇಖರವಾದ ಸಕ್ಕರೆಯಾದ ಗ್ಲೈಕೊಜೆನ್ನಿನ ವಿಭಜನೆ ಪ್ರಧಾನವಾಗುತ್ತವೆ. ರೈಡುಗಳ ನಡುವಿನ ಬಿಡುವಿನಲ್ಲಿ ಚೇತರಿಸಿಕೊಳ್ಳಲು ಆಮ್ಲಜನಕವೇ ಬೇಕು. ಇಷ್ಟನ್ನು ಪಂದ್ಯವೊಂದನ್ನು ಸ್ಟಾಪ್‌ವಾಚಿನೊಂದಿಗೆ ನೋಡಿ ಬರೆದುಕೊಂಡವರು ಆ ತಂಡದ ತರಬೇತಿ ಹೇಗಿರಬೇಕು ಎಂಬುದರ ಬಗ್ಗೆ ಕೋಚ್ ಜೊತೆ ಮಾತನಾಡಬಲ್ಲರು.

ಬೇಸಿಗೆಯಲ್ಲಿ ಮಾಡಬಹುದಾದ ಇನ್ನೊಂದು ಉಪಯುಕ್ತ ಕೆಲಸ ಬೆವರಿನ ಅಳತೆ. ಅಭ್ಯಾಸಕ್ಕೆ ಮುನ್ನ ಮತ್ತು ನಂತರ, ಕಡಿಮೆ ಬಟ್ಟೆಯಲ್ಲಿ, ಮೈ ಒರೆಸಿಕೊಂಡು ತೂಕ ನೋಡಿ, ಕುಡಿದ ನೀರನ್ನು ಕೂಡಿಸಿ. ಒಂದು ಗಂಟೆಯಲ್ಲಿ 60 ಕಿಲೋ ಇದ್ದವರು 58.9ಕ್ಕೆ ಇಳಿದು, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಸುಮಾರು 1.6 ಲೀಟರ್ ಬೆವರಿದ್ದಾರೆ, ದೇಹತೂಕದಲ್ಲಿ ಶೇ. 2ರ ಹತ್ತಿರದಷ್ಟನ್ನು ಕಳೆದುಕೊಂಡಿದ್ದಾರೆ, ಅಲ್ಲಿಂದ ಮುಂದೆ ದೀರ್ಘ ಓಟದ ಸಾಮರ್ಥ್ಯ ಕುಗ್ಗುವ ಸಂಭವವಿದೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಅಭ್ಯಾಸ ಮಾಡುವ ಖೋ-ಖೋ ಹುಡುಗಿಯರಿಗೆ ಈ ಒಂದು ಅಂಕಿ ನಿಜವಾಗಿ ನೆರವಾಗುತ್ತದೆ.

ಮೈದಾನದಲ್ಲಿ ನಿಮ್ಮ ಮಿತಿಯನ್ನೂ ತಿಳಿದಿರಬೇಕು. ಎದೆನೋವು ಎಂದವರನ್ನು, ತಲೆಗೆ ಪೆಟ್ಟು ಬಿದ್ದವರನ್ನು ಪರೀಕ್ಷೆಗೆ ಒಡ್ಡದೆ ವೈದ್ಯರ ಬಳಿಗೆ ಕಳುಹಿಸಿ. ಹೃದಯ ನಿಂತವರಿಗೆ ಮಾಡುವ ಪ್ರಥಮ ಚಿಕಿತ್ಸೆಯನ್ನು ಮೊದಲ ವರ್ಷದಲ್ಲೇ ಕಲಿಯಿರಿ. ಪೂರಕ ಪುಡಿಗಳ ಬಗ್ಗೆ ಆಟಗಾರರು ಕೇಳಿದಾಗ ಉದ್ದೀಪನ ಮದ್ದು ತಡೆ ನಿಯಮಗಳ ಮುಖ್ಯ ಅಂಶವನ್ನು ತಪ್ಪದೆ ತಿಳಿಸಿ: ದೇಹದಲ್ಲಿ ನಿಷೇಧಿತ ವಸ್ತು ಕಂಡುಬಂದರೆ ಅದು ಹೇಗೆ ಬಂತೆಂದು ಗೊತ್ತಿಲ್ಲದಿದ್ದರೂ ಹೊಣೆ ಆಟಗಾರರದೇ.

ಅಂತಿಮ ವರ್ಷ ಮತ್ತು ಅದರ ನಂತರ

ಪ್ರಾಜೆಕ್ಟಿಗೆ ಸಣ್ಣ ಪ್ರಶ್ನೆಯನ್ನು ಆರಿಸಿ. ವಿಷಯ ಹಿಗ್ಗಿದಷ್ಟೂ ಅಳತೆ ತೆಳುವಾಗುತ್ತದೆ. ಒಂದು ಶಾಲೆಯ ಓಟಗಾರರಲ್ಲಿ ಷಟಲ್ ಓಟದ (ಎರಡು ಗೆರೆಗಳ ನಡುವೆ ಹೋಗಿ ಬರುವ ಓಟ) ಪರೀಕ್ಷೆಯನ್ನು ಒಂದು ವಾರದ ಅಂತರದಲ್ಲಿ ಎರಡು ಬಾರಿ ನಡೆಸಿ ಫಲಿತಾಂಶ ಎಷ್ಟರಮಟ್ಟಿಗೆ ಒಂದೇ ಆಗಿ ಬರುತ್ತದೆ ಎಂದು ನೋಡುವುದು ಪದವಿ ಮಟ್ಟಕ್ಕೆ ಯೋಗ್ಯವಾದ ಕೆಲಸ. ನೈತಿಕ ಸಮಿತಿಯ ಒಪ್ಪಿಗೆಗೆ ಸಮಯ ಹಿಡಿಯುವುದರಿಂದ ಅರ್ಜಿಯನ್ನು ಹಿಂದಿನ ಸೆಮಿಸ್ಟರಿನಲ್ಲೇ ಕೊಡಿ. ಭಾಗವಹಿಸುವವರು ಅಪ್ರಾಪ್ತರಾದರೆ ಪೋಷಕರ ಲಿಖಿತ ಒಪ್ಪಿಗೆಪತ್ರ ಕನ್ನಡದಲ್ಲೇ ಇರಲಿ.

ಕೆಲಸದ ವಿಚಾರದಲ್ಲಿ ನೇರವಾಗಿ ಹೇಳುವುದು ಒಳ್ಳೆಯದು. ಬಿ.ಎಸ್ಸಿ. ಒಂದರಿಂದಲೇ ದೊಡ್ಡ ತಂಡವೊಂದರ ಕ್ರೀಡಾ ವಿಜ್ಞಾನಿಯಾಗುವುದು ಅಪರೂಪ; ಅಕಾಡೆಮಿಗಳಲ್ಲಿ ಸಹಾಯಕ, ಫಿಟ್‌ನೆಸ್ ತರಬೇತುದಾರ, ಪರೀಕ್ಷಾ ತಂತ್ರಜ್ಞ ಇಂಥ ಕೆಲಸಗಳಿಂದ ಆರಂಭಿಸಿ ಸ್ನಾತಕೋತ್ತರ ಪದವಿಗೆ ಹೋಗುವವರು ಹೆಚ್ಚು. ಆಟಗಾರರ ಬಲ ಮತ್ತು ಕಂಡಿಷನಿಂಗ್ (ದೇಹಸಾಮರ್ಥ್ಯದ ತರಬೇತಿ) ಕಡೆಗೆ ಹೋಗುವವರಿಗೆ, ಆ ಕ್ಷೇತ್ರದ ಅಮೆರಿಕದ ಸಂಘವಾದ ಎನ್.ಎಸ್.ಸಿ.ಎ. ತರಬೇತುದಾರರಿಗೆ ನೀಡುವ ಸಿ.ಎಸ್.ಸಿ.ಎಸ್. ಪ್ರಮಾಣಪತ್ರಕ್ಕೆ ಇಲ್ಲಿಯೂ ಬೆಲೆಯಿದೆ, ಅದಕ್ಕೆ ಪದವಿ ಬೇಕು. ಆಸ್ಟ್ರೇಲಿಯಾದಲ್ಲಿ ಮಾನ್ಯತೆ ಪಡೆದ ವ್ಯಾಯಾಮ ಶರೀರಕ್ರಿಯಾತಜ್ಞರು ಆರೋಗ್ಯ ವ್ಯವಸ್ಥೆಯ ಭಾಗವಾಗಿಯೇ ದುಡಿಯುತ್ತಾರೆ. ಅಲ್ಲಿಗೆ ಹೋಗಬಯಸುವವರ ಹಳೆಯ ಪದವಿಯನ್ನು ವಿಷಯವಾರು ಪರಿಶೀಲಿಸಲಾಗುತ್ತದೆ. ಆದ್ದರಿಂದ ಪ್ರತಿ ಸೆಮಿಸ್ಟರಿನ ಪಠ್ಯಕ್ರಮದ ಪ್ರತಿ, ಪ್ರಯೋಗಾಲಯದ ದಾಖಲೆ ಪುಸ್ತಕ, ಮೈದಾನದಲ್ಲಿ ಕಳೆದ ಗಂಟೆಗಳಿಗೆ ಮೇಲ್ವಿಚಾರಕರ ಸಹಿ ಮತ್ತು ಮುದ್ರೆ, ಇವನ್ನು ಆಯಾ ಸೆಮಿಸ್ಟರ್ ಮುಗಿಯುವ ಮೊದಲೇ ಪಡೆದು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಮೇಲ್ವಿಚಾರಕರು ಬೇರೆ ಊರಿಗೆ ವರ್ಗವಾದ ಮೇಲೆ ಹಿಂದಿನ ವರ್ಷದ ಸಹಿಯನ್ನು ಪಡೆಯುವುದು ಬಹಳ ಕಷ್ಟ.